ಬ್ರಷ್‌ನಿಂದ ಬಣ್ಣದ ಬೆಳಕು: ಡಾಡ್ಜ್, ಸ್ಕ್ರೀನ್ ಮತ್ತು ಒಂದು ಕಪ್ಪು ಲೇಯರ್

ಹೊಳೆಯುವ ಗೆರೆ ಬೇಕೆಂದು ‘ಗ್ಲೋ ಬ್ರಷ್’ ಹುಡುಕಿ ಡೌನ್‌ಲೋಡ್ ಮಾಡಿಕೊಳ್ಳುವವರೇ ಹೆಚ್ಚು. ಅದರ ಅಗತ್ಯವಿಲ್ಲ. ಫೋಟೋಶಾಪ್‌ನಲ್ಲಿ ಮೊದಲಿನಿಂದಲೇ ಇರುವ ಸಾಫ್ಟ್ ರೌಂಡ್ ಬ್ರಷ್ ಸಾಕು. ಹೊಳಪು ಹುಟ್ಟುವುದು ಬ್ರಷ್‌ನಲ್ಲಲ್ಲ. ಮೇಲಿನ ಮತ್ತು ಕೆಳಗಿನ ಲೇಯರ್‌ಗಳ (ಚಿತ್ರದ ಪದರಗಳ) ನಡುವೆ ಬ್ಲೆಂಡ್ ಮೋಡ್, ಅಂದರೆ ಎರಡರ ಬಣ್ಣ ಬೆರೆಸುವ ರೀತಿ, ಹಾಕುವ ಲೆಕ್ಕದಲ್ಲಿ.

ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಲ್ಲಿ ಒಂದನ್ನೇ ತೆಗೆದುಕೊಳ್ಳಿ. ಅದರ ಬೆಲೆ 0ಯಿಂದ 255ರವರೆಗೆ. ಕೆಳಗೆ 40 ಇದೆ, ಮೇಲೆ 204 ಬಳಿದಿದ್ದೀರಿ. ಸ್ಕ್ರೀನ್ ಮೋಡ್‌ನಲ್ಲಿ ಸಿಗುವುದು 212, ಲೀನಿಯರ್ ಡಾಡ್ಜ್‌ನಲ್ಲಿ ನೇರ ಕೂಡಿಕೆ, 244. ಕಲರ್ ಡಾಡ್ಜ್ ಮಾತ್ರ ಭಾಗಾಕಾರ: 40 ಅನ್ನು 0.2ರಿಂದ (1ರಲ್ಲಿ 204/255 ಕಳೆದದ್ದು) ಭಾಗಿಸಿ 200. ಈಗ ಕೆಳಗಿನ 40ರ ಜಾಗದಲ್ಲಿ 0 ಇಡಿ. ಮೊದಲೆರಡೂ 204 ಕೊಡುತ್ತವೆ, ಕಲರ್ ಡಾಡ್ಜ್ ಸೊನ್ನೆ. ಕಡುಗಪ್ಪಿನ ಮೇಲೆ ಕಲರ್ ಡಾಡ್ಜ್ ಇಟ್ಟು ಎಷ್ಟು ಉಜ್ಜಿದರೂ ಏನೂ ಕಾಣದಿರುವುದಕ್ಕೆ ಕಾರಣ ಇಷ್ಟೇ. ಹಿನ್ನೆಲೆಗೆ 18, 20, 38ರಂಥ ಕಪ್ಪು ನೀಲಿ ಹಾಕಿದರೆ ಭಾಗಿಸಲು ಏನಾದರೂ ಸಿಗುತ್ತದೆ. ಬಿಳಿ ಹಿನ್ನೆಲೆಯಾದರೆ ಮೂರೂ ಮೋಡ್‌ಗಳು ನಿಷ್ಪ್ರಯೋಜಕ. 255ರ ಮೇಲೆ ಹೋಗಲು ದಾರಿಯೇ ಇಲ್ಲ.

ಇನ್ನು ಕೆಲಸ. ಹೊಸ ಲೇಯರ್ ತೆರೆದು ಪೂರ್ತಿ ಕಪ್ಪು ತುಂಬಿ, ಲೇಯರ್ ಮೋಡ್ ಅನ್ನು ಲೀನಿಯರ್ ಡಾಡ್ಜ್‌ಗೆ ಬದಲಿಸಿ. ಸೊನ್ನೆ ಕೂಡಿದರೆ ಏನೂ ಬದಲಾಗದು, ಹಾಗಾಗಿ ಕಪ್ಪು ಮಾಯವಾಗುತ್ತದೆ. ಆಮೇಲೆ ಬ್ರಷ್‌ನ ಮೋಡ್ ಅನ್ನೂ ಲೀನಿಯರ್ ಡಾಡ್ಜ್ ಮಾಡಿ. ಖಾಲಿ ಲೇಯರ್‌ನಲ್ಲಿ ಈ ಉಪಾಯ ನಡೆಯದು: ಪಾರದರ್ಶಕ ಜಾಗದಲ್ಲಿ ಬ್ರಷ್ ಮೋಡ್‌ಗೆ ಕೂಡಿಸಲು ಬಣ್ಣವೇ ಇರುವುದಿಲ್ಲ, ನಾರ್ಮಲ್‌ನಂತೆಯೇ ಬಳಿಯುತ್ತದೆ.

ಸೈಜ್ 150 ಪಿಕ್ಸೆಲ್, ಹಾರ್ಡ್‌ನೆಸ್ 0, ಒಪೇಸಿಟಿ 100%, ಫ್ಲೋ (ಬ್ರಷ್ ಒತ್ತುವ ಒಂದೊಂದು ಅಚ್ಚಿನಲ್ಲಿ ಬೀಳುವ ಬಣ್ಣ) 10%. ಸ್ಪೇಸಿಂಗ್ (ಅಚ್ಚುಗಳ ನಡುವಿನ ಅಂತರ) 25%ರಲ್ಲೇ ಬಿಟ್ಟರೆ ಕೆಲವೊಮ್ಮೆ ಗೆರೆ ಮಣಿಸರದಂತೆ ಕಾಣುತ್ತದೆ, 10%ಗೆ ಇಳಿಸಿ. ಬಣ್ಣ 200, 60, 20. ಒಂದೊಂದು ಅಚ್ಚೂ ಶುರುವಿನಲ್ಲಿ ಸುಮಾರು 20, 6, 2 ಕೂಡಿಸುತ್ತದೆ. ಕೆಂಪು ಬೇಗ ತುಂಬಿ ನಿಲ್ಲುತ್ತದೆ, ಹಸಿರು ನಿಧಾನವಾಗಿ ಹತ್ತುತ್ತದೆ. ಆದ್ದರಿಂದ ಒಂದೇ ಬಣ್ಣ ಬಳಿಯುತ್ತ ಹೋದರೂ ಅಂಚು ಕೆಂಪಾಗಿ ಉಳಿದು, ನಡುವೆ ಕಿತ್ತಳೆ, ಅದರೊಳಗೆ ಹಳದಿ ಮೂಡುತ್ತದೆ, ಕಾದ ಕಬ್ಬಿಣದಂತೆ. ಇದೇ ಜಾಗದಲ್ಲಿ 255, 0, 0 ಬಳಸಿ ನೋಡಿ: ಹಸಿರು, ನೀಲಿ ಸೊನ್ನೆಯಲ್ಲೇ ಕೂರುತ್ತವೆ, ಸ್ಟಿಕರ್ ಅಂಟಿಸಿದಂತೆ ಚಪ್ಪಟೆ ಕೆಂಪು. ಹೊಳಪಿಗೆ ಯಾವ ಚಾನೆಲ್ಲೂ ಪೂರ್ತಿ ಸೊನ್ನೆಯಾಗಿರಬಾರದು.

ಕೊನೆಗೆ ಬಿಳಿಯ ತಿರುಳು. ಮೇಲೊಂದು ನಾರ್ಮಲ್ ಲೇಯರ್‌ನಲ್ಲಿ 6 ಪಿಕ್ಸೆಲ್ ಬ್ರಷ್, ಹಾರ್ಡ್‌ನೆಸ್ 80%, ಬಣ್ಣ 255, 245, 225. ಗೆರೆಯ ನಡುವೆ ಮಾತ್ರ. ಇದಿಲ್ಲದೆ ನಿಯಾನ್ ಎನಿಸುವುದಿಲ್ಲ, ಬರೀ ಮಸುಕು ಬಣ್ಣ ಎನಿಸುತ್ತದೆ. ಕೈ ನಡುಗಿದರೆ ಪೆನ್ ಟೂಲ್‌ನಿಂದ ಪಾತ್ ಎಳೆದು ಸ್ಟ್ರೋಕ್ ಪಾತ್ ಕೊಡಿ. ಬ್ರಷ್‌ನ ಶೇಪ್ ಡೈನಾಮಿಕ್ಸ್‌ನಲ್ಲಿ ಸೈಜ್ ಕಂಟ್ರೋಲ್ ಪೆನ್ ಪ್ರೆಶರ್‌ಗೆ ಇಟ್ಟು, ಸಿಮ್ಯುಲೇಟ್ ಪ್ರೆಶರ್ ಟಿಕ್ ಮಾಡಿದರೆ ತುದಿಗಳು ತಾವಾಗಿ ಸಣ್ಣಗಾಗುತ್ತವೆ.

ಬಣ್ಣಬಣ್ಣದ ಕಿಡಿಗಳಿಗೆ ಕಲರ್ ಡೈನಾಮಿಕ್ಸ್‌ನಲ್ಲಿ ಹ್ಯೂ ಜಿಟ್ಟರ್ (ಬಣ್ಣದ ಏರುಪೇರು) 10–15% ಸಾಕು, ಜೊತೆಗೆ ಅಚ್ಚುಗಳನ್ನು ಚೆದುರಿಸುವ ಸ್ಕ್ಯಾಟರಿಂಗ್. ಅಪ್ಲೈ ಪರ್ ಟಿಪ್ ಆನ್ ಇದ್ದರೆ ಅಚ್ಚಿಗೊಂದು ಬಣ್ಣ, ಆಫ್ ಮಾಡಿದರೆ ಗೆರೆಗೊಂದು. ಜಿಟ್ಟರ್ 100% ಇಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಕೆಂಪು, ಹಸಿರು, ನೀಲಿ ಒಂದರ ಮೇಲೊಂದು ಕೂಡಿದರೆ ಸಿಗುವುದು ಕಾಮನಬಿಲ್ಲಲ್ಲ, ಬೆಳ್ಳಗಿನ ಮಬ್ಬು.

ಕಲರ್ ಡಾಡ್ಜ್ ಲೇಯರ್ ಜೋರಾಯಿತೆನಿಸಿದರೆ ಒಪೇಸಿಟಿ ಬಿಟ್ಟು ಫಿಲ್ ಇಳಿಸಿ. ಈ ಮೋಡ್‌ನಲ್ಲಿ ಎರಡರ ಫಲ ಒಂದೇ ಅಲ್ಲ. ಫಿಲ್ ಇಳಿಸಿದಾಗ ಮಿಂಚುವ ಭಾಗ ಉಳಿದು ಸುತ್ತಲಿನದು ತಗ್ಗುತ್ತದೆ.

ದೊಡ್ಡ ಪ್ರಭೆಯಲ್ಲಿ ಉಂಗುರಗಳು ಕಂಡರೆ ಅದು ಬ್ಯಾಂಡಿಂಗ್. 8 ಬಿಟ್‌ನಲ್ಲಿ (ಚಾನೆಲ್‌ಗೆ 256 ಮಟ್ಟ) 0ಯಿಂದ 30ರವರೆಗಿನ ಇಳಿಜಾರಿಗೆ ಮೂವತ್ತೊಂದೇ ಮೆಟ್ಟಿಲು. 500 ಪಿಕ್ಸೆಲ್ ಹರಡಿದರೆ ಮೆಟ್ಟಿಲಿಗೆ 16 ಪಿಕ್ಸೆಲ್ ಅಗಲ, ಕಣ್ಣಿಗೆ ಬಿದ್ದೇ ಬೀಳುತ್ತದೆ. 16 ಬಿಟ್‌ನಲ್ಲಿ ಕೆಲಸ ಮಾಡಿ, ಕೊನೆಯಲ್ಲಿ 1% ನಾಯ್ಸ್ ಸೇರಿಸಿ.

ಮುದ್ರಣಕ್ಕೆ ಕೊಡುವುದಿದ್ದರೆ ಶುರುವಿಗೇ ಕಂಟ್ರೋಲ್, ಶಿಫ್ಟ್, ವೈ ಒತ್ತಿ ಗ್ಯಾಮಟ್ ವಾರ್ನಿಂಗ್ ನೋಡಿಕೊಳ್ಳಿ. ಬೂದು ಬಣ್ಣ ಕವಿದ ಜಾಗವನ್ನು ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣದ) ಶಾಯಿಯಿಂದ ತೆಗೆಯಲಾಗದು. ನಿಯಾನ್ ಹಸಿರು, ನೀಲಿಗಳು ಮೊದಲು ಮಂಕಾಗುತ್ತವೆ.