ಉತ್ತರ ಬಂದರೂ ಸ್ಕ್ರಿಪ್ಟಿನ ಕೈಗೆ ಸಿಗದು

ಪುಟದ ಸ್ಕ್ರಿಪ್ಟ್ ಬೇರೆ ಸೈಟಿನಿಂದ ಡೇಟಾ ಕೇಳಿತು. ಕನ್ಸೋಲಿನಲ್ಲಿ ಕೆಂಪು ಸಾಲು: ಕಾರ್ಸ್ ಎರರ್ (ಒಂದು ಸೈಟಿನ ಡೇಟಾವನ್ನು ಬೇರೆ ಸೈಟಿನ ಸ್ಕ್ರಿಪ್ಟ್ ಓದಬಹುದೇ ಎಂಬುದರ ನಿಯಮವೇ ಕಾರ್ಸ್). ಅದೇ ವಿಳಾಸಕ್ಕೆ ಟರ್ಮಿನಲ್‌ನಲ್ಲಿ ಕರ್ಲ್ (ಬ್ರೌಸರ್ ಇಲ್ಲದೆ ಡೇಟಾ ತರುವ ಕಮಾಂಡ್) ಹೊಡೆದರೆ ಡೇಟಾ ಸಲೀಸಾಗಿ ಬರುತ್ತದೆ. ಸರ್ವರ್ ಕೆಟ್ಟಿದೆಯೇನೋ ಎಂದು ತಲೆ ಕೆರೆದುಕೊಳ್ಳುವವರೇ ಜಾಸ್ತಿ. ಅದಕ್ಕೇನೂ ಆಗಿಲ್ಲ. ಎಷ್ಟೋ ಸಲ ಉತ್ತರವನ್ನೂ ಕಳಿಸಿರುತ್ತದೆ. ಬ್ರೌಸರ್ ಅದನ್ನು ಸ್ಕ್ರಿಪ್ಟಿಗೆ ಕೊಡದೆ ತಡೆದಿದೆ, ಅಷ್ಟೆ.

ಯಾಕೆ ಇಷ್ಟು ಬಿಗಿ? ಒಂದು ಟ್ಯಾಬಿನಲ್ಲಿ ನೀವು ಬ್ಯಾಂಕಿಗೆ ಲಾಗಿನ್ ಆಗಿದ್ದೀರಿ. ಇನ್ನೊಂದರಲ್ಲಿ ಯಾವುದೋ ಗೊತ್ತಿಲ್ಲದ ಪುಟ. ಅದರ ಸ್ಕ್ರಿಪ್ಟ್ ಬ್ಯಾಂಕಿಗೆ ರಿಕ್ವೆಸ್ಟ್ ಕಳಿಸಿದಾಗ ನಿಮ್ಮ ಕುಕಿಯೂ (ಬ್ರೌಸರ್ ಇಟ್ಟುಕೊಂಡ ಲಾಗಿನ್ ಗುರುತು) ಜೊತೆಗೆ ಹೋದರೆ, ಸರ್ವರಿಗೆ ನೀವೇ ಕೇಳಿದಂತೆ ಕಾಣುತ್ತದೆ. ಬಂದ ಉತ್ತರವನ್ನು ಆ ಸ್ಕ್ರಿಪ್ಟ್ ಓದುವಂತಾದರೆ ಕಥೆ ಮುಗಿಯಿತು, ಅಲ್ವಾ? ಕರ್ಲ್ ಬಳಿ ನಿಮ್ಮ ಬ್ರೌಸರಿನ ಕುಕಿ ಇಲ್ಲ, ಹಾಗಾಗಿ ಅದಕ್ಕೆ ಈ ಬೇಲಿಯೂ ಇಲ್ಲ. ಬೇಲಿ ಇರುವುದು ಸರ್ವರ್ ಕಾಯಲು ಅಲ್ಲ, ನಿಮ್ಮನ್ನು ಕಾಯಲು.

1990ರ ದಶಕದಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿ ಹಾಕಿದ ಬೇಲಿ ಇದು: ಸ್ಕ್ರಿಪ್ಟ್ ತನ್ನದೇ ಒರಿಜಿನ್‌ನಿಂದ, ಅಂದರೆ ಮೂಲದಿಂದ, ಬಂದ ಉತ್ತರವನ್ನಷ್ಟೇ ಓದಬಹುದು. ಪ್ರೋಟೋಕಾಲ್, ಹೋಸ್ಟ್, ಪೋರ್ಟ್ ಮೂರೂ ಒಂದೇ ಆದರೆ ಮಾತ್ರ ಒಂದೇ ಒರಿಜಿನ್. ನಿಮ್ಮದೇ ಕಂಪ್ಯೂಟರಿನಲ್ಲಿ ಪುಟ 3000ನೇ ಪೋರ್ಟಿನಲ್ಲಿ, ಎಪಿಐ (ಪುಟಕ್ಕೆ ಡೇಟಾ ಕೊಡುವ ಸರ್ವರ್) 8000ರಲ್ಲಿ ಇದ್ದರೂ ಅವು ಪರಸ್ಪರ ಹೊರಗಿನವೇ.

ಬೇಲಿಗೆ ಒಂದು ಕಿಂಡಿ ಇತ್ತು: ಸ್ಕ್ರಿಪ್ಟ್ ಟ್ಯಾಗ್ ಯಾವ ಸೈಟಿನ ಕೋಡನ್ನಾದರೂ ತಂದು ಓಡಿಸುತ್ತದೆ. ಹಾಗಾಗಿ ಡೇಟಾವನ್ನು ಒಂದು ಫಂಕ್ಷನ್ ಕರೆಯೊಳಗೆ ಸುತ್ತಿ ಕಳಿಸುವ ಉಪಾಯ ಬಂತು. 2005ರಲ್ಲಿ ಅದಕ್ಕೆ ಜೆಸನ್‌ಪಿ ಎಂಬ ಹೆಸರೂ ಬಿತ್ತು. ಜಾಣತನವೇ, ಆದರೆ ನನಗೆ ಅದನ್ನು ಕಂಡರೆ ಭಯ. ಕೇಳಿದ್ದು ಡೇಟಾ, ಬಂದು ಓಡುವುದು ಪರರ ಕೋಡ್.

2014ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ ಅಂತಿಮಗೊಳಿಸಿದ ಕಾರ್ಸ್‌ನಲ್ಲಿ ಯಾರು ಓದಬಹುದು ಎಂದು ಸರ್ವರೇ ಹೇಳುತ್ತದೆ. ಉತ್ತರದ ಜೊತೆ ‘ಆಕ್ಸೆಸ್-ಕಂಟ್ರೋಲ್-ಅಲೋ-ಒರಿಜಿನ್’ ಹೆಡರ್ ಬಂದು, ಅದರಲ್ಲಿ ನಿಮ್ಮ ಒರಿಜಿನ್ ಇದ್ದರೆ ಬ್ರೌಸರ್ ಬಿಟ್ಟುಕೊಡುತ್ತದೆ. ಡಿಲೀಟ್‌ನಂಥ ರಿಕ್ವೆಸ್ಟ್ ಆದರೆ ಮೊದಲು ಆಪ್ಷನ್ಸ್ ಎಂಬ ರಿಕ್ವೆಸ್ಟ್ ಕಳಿಸಿ ‘ಮಾಡಬಹುದಾ?’ ಎಂದು ಕೇಳುತ್ತದೆ. ಇದೇ ಪ್ರಿಫ್ಲೈಟ್. ಮಾಮೂಲಿ ಫಾರ್ಮ್ ರೀತಿಯ ಪೋಸ್ಟ್‌ಗೆ ಈ ವಿಚಾರಣೆ ಇಲ್ಲ. ಅದು ನೇರ ಹೋಗುತ್ತದೆ, ಸರ್ವರ್ ಕೆಲಸವನ್ನೂ ಮಾಡಿಬಿಡಬಹುದು. ಓದಲು ಸಿಗಲಿಲ್ಲವೆಂದ ಮಾತ್ರಕ್ಕೆ ಕೆಲಸ ನಡೆದಿಲ್ಲ ಎಂದಲ್ಲ.

ಎರರ್ ಹೋಗಲೆಂದು ಆ ಹೆಡರಿನಲ್ಲಿ ಸುಮ್ನೆ ನಕ್ಷತ್ರ ಚಿಹ್ನೆ ಹಾಕುವುದು ಸಾಮಾನ್ಯ. ಎಲ್ಲರಿಗೂ ತೆರೆದಿಟ್ಟ ಡೇಟಾಗೆ ಅದು ಸರಿ. ಕುಕಿ ಜೊತೆಗಿದ್ದರೆ ಮಾತ್ರ ಬ್ರೌಸರ್ ಆ ನಕ್ಷತ್ರವನ್ನು ಒಪ್ಪುವುದಿಲ್ಲ, ಒರಿಜಿನ್ ಹೆಸರನ್ನೇ ಬರೆಯಬೇಕು. ಆಗ ಕೆಲವರು ಬಂದವರ ಹೆಸರನ್ನೆಲ್ಲ ನೋಡದೆ ಹಾಗೆಯೇ ತಿರುಗಿಸಿ ಬರೆಯುತ್ತಾರೆ. ಆ ಗೊತ್ತಿಲ್ಲದ ಪುಟದ ಹೆಸರೂ ಅದರಲ್ಲಿ ಸೇರಿಬಿಡುತ್ತದೆ.