ನೆರವಿಗೆ ಹೋದವರ ಮನಸ್ಸು ಯಾವಾಗ ಕುಸಿಯುತ್ತದೆ?

ಯುದ್ಧ, ಭೂಕಂಪ, ಬರದ ನೆಲಕ್ಕೆ ನೆರವಿಗೆಂದು ಹೋದವರು ಮನೆಗೆ ಮರಳಿದ ಕೂಡಲೇ ಸರಿಹೋಗುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂಕಿಗಳು ಬೇರೆಯದನ್ನೇ ಹೇಳುತ್ತವೆ. 19 ಸಂಸ್ಥೆಗಳ 212 ಕಾರ್ಯಕರ್ತರಿಂದ ಅದು ಶುರುವಾಯಿತು. ಹೊರಡುವ ಮುಂಚೆ, ಕೆಲಸ ಮುಗಿದಾಗ, ಆಮೇಲೆ ಮೂರರಿಂದ ಆರು ತಿಂಗಳಿಗೆ, ಹೀಗೆ ಮೂರು ಸಲ ಅವರ ಮನಸ್ಥಿತಿಯನ್ನು ಅಳೆದರು. ಆತಂಕದ ಲಕ್ಷಣ ಇದ್ದವರ ಪ್ರಮಾಣ ಶೇ. 3.8ರಿಂದ 11.8ಕ್ಕೆ ಏರಿ, ಕೊನೆಗೆ 7.8ಕ್ಕೆ ಇಳಿಯಿತು. ಖಿನ್ನತೆ ಇಳಿಯಲೇ ಇಲ್ಲ: ಶೇ. 10.4, ನಂತರ 19.5, ಕೊನೆಗೆ 20.1.

ಖಿನ್ನತೆಯ ಅಪಾಯ ಹೆಚ್ಚಿದ್ದು ಕೆಲಸದ ಅವಧಿಯುದ್ದಕ್ಕೂ ಬಿಡದೆ ಕಾಡಿದ ಒತ್ತಡದಿಂದ. ಒತ್ತಾಸೆಗೆ ಜನರಿದ್ದವರಲ್ಲಿ ಖಿನ್ನತೆ ಕಡಿಮೆಯಿತ್ತು. ಹಾಗಾಗಿ ತಾಳಿಕೆ ಎಂಬುದನ್ನು ಒಬ್ಬೊಬ್ಬರ ಗಟ್ಟಿ ಗುಂಡಿಗೆಯ ಲೆಕ್ಕದಲ್ಲಿ ಅಳೆಯುವುದು ತಪ್ಪು. ಅದರ ಬಹುಪಾಲು ಇರುವುದು ಪಾಳಿ, ನಿದ್ದೆ, ಜೊತೆಗಾರರು ಮತ್ತು ತಂಡದ ಮುಖ್ಯಸ್ಥರ ಕೈಯಲ್ಲಿ.

ಘಟನೆಯಾದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ, ಕಂಡದ್ದನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ಹೇಳಿಸುವ ಪದ್ಧತಿ 1980ರ ದಶಕದಿಂದ ಹಬ್ಬಿತ್ತು. ಇಂಗ್ಲಿಷಿನಲ್ಲಿ ಡೀಬ್ರೀಫಿಂಗ್. ಉದ್ದೇಶ ಒಳ್ಳೆಯದೇ. ಆದರೆ 1997ರಲ್ಲಿ ಪ್ರಕಟವಾದ, ಸುಟ್ಟಗಾಯದ ರೋಗಿಗಳ ಮೇಲಿನ ಪರೀಕ್ಷೆಯಲ್ಲಿ, 13 ತಿಂಗಳ ನಂತರ ಆಘಾತೋತ್ತರ ಒತ್ತಡದ ಕಾಯಿಲೆ ಇದ್ದದ್ದು ಡೀಬ್ರೀಫಿಂಗ್ ಪಡೆದವರಲ್ಲಿ ಶೇ. 26, ಪಡೆಯದವರಲ್ಲಿ ಶೇ. 9. ನೆನಪು ಇನ್ನೂ ಹಸಿಯಾಗಿರುವಾಗ ಕೆದಕಿದರೆ ಅದು ಮತ್ತಷ್ಟು ಆಳಕ್ಕೆ ಇಳಿಯಬಹುದು ಎಂಬುದು ಒಂದು ವಿವರಣೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸಹಭಾಗಿಗಳು 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಈ ದಾರಿಯನ್ನು ಬಿಟ್ಟಿತು: ಸುತ್ತ ಗಮನಿಸಿ, ಹೇಳಿದಷ್ಟನ್ನು ಕೇಳಿ, ಬೇಕಾದ ನೆರವಿನ ಜೊತೆ ಸೇರಿಸಿ. ಬಾಯಿ ಬಿಡಿಸಲು ಒತ್ತಾಯಿಸಬೇಡಿ.

ತಂಡ ಮಾಡಬೇಕಾದದ್ದು ಸಪ್ಪೆ ಎನಿಸುವಷ್ಟು ಸರಳ. ಇಬ್ಬಿಬ್ಬರ ಜೋಡಿ ಕಟ್ಟಿ. ಜೊತೆಗಾರ ಊಟ ಬಿಟ್ಟದ್ದು, ಮೌನವಾದದ್ದು, ಕುಡಿತ ಹೆಚ್ಚಿಸಿದ್ದು ಮೊದಲು ಕಣ್ಣಿಗೆ ಬೀಳುವುದು ಇನ್ನೊಬ್ಬರಿಗೆ. ಪಾಳಿ ಮುಗಿದ ಹೊತ್ತಿಗೆ ಮುಖ್ಯಸ್ಥರೇ ಮೊದಲು ಏಳಬೇಕು, ಇಲ್ಲವಾದರೆ ಯಾರೂ ಏಳುವುದಿಲ್ಲ. ಶವ ಎತ್ತುವವರನ್ನು ಬೇರೆ ಕೆಲಸಕ್ಕೆ ಆಗಾಗ ಬದಲಿಸಿ. ಗುರುತು ಪತ್ತೆಯ ಹೊಣೆ ಇಲ್ಲದವರು ಸತ್ತವರ ಮುಖ, ಪರ್ಸ್, ಫೋಟೋಗಳನ್ನು ನೋಡದಿರುವುದೇ ಮೇಲು: ಶವಕ್ಕೊಂದು ಹೆಸರು, ಒಂದು ಸಂಸಾರ ಅಂಟಿಕೊಂಡರೆ ಆ ನೆನಪು ಸುಲಭಕ್ಕೆ ಬಿಡದು.

ಎಲ್ಲರೂ ಹೆಚ್ಚಾಗಿ ಮರೆಯುವುದು ಸ್ಥಳೀಯ ಕಾರ್ಯಕರ್ತರನ್ನು. ಹೊರಗಿನಿಂದ ಬಂದವರು ರಜೆಗೆ ಊರಿಗೆ ಹೋಗುತ್ತಾರೆ, ಇವರ ಊರೇ ಆ ಕುಸಿದ ಊರು. ರಜೆಯ ಪಟ್ಟಿಯಲ್ಲಿ ಇವರ ಹೆಸರು ಮೊದಲು ಬರಬೇಕು. ಮರಳಿದವರನ್ನು ಮೊದಲ ವಾರ ಒಮ್ಮೆ ಕೇಳಿ ಸುಮ್ಮನಾಗದೆ, ಮೂರು ಮತ್ತು ಆರು ತಿಂಗಳಿಗೆ ಮತ್ತೆ ಮಾತಾಡಿಸಬೇಕು. ದುಃಸ್ವಪ್ನ, ನಿದ್ದೆಗೇಡು, ಬೆಚ್ಚಿಬೀಳುವುದು ತಿಂಗಳು ದಾಟಿಯೂ ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಬೇಕು. ಭಾರತದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.