ನಮ್ಮ ವಂಶದಲ್ಲೇ ಯಾರಿಗೂ ಇಲ್ಲ, ನನಗ್ಯಾಕೆ ಬಂತು?

ಸ್ತನ ಕ್ಯಾನ್ಸರ್ ಅಂತ ರಿಪೋರ್ಟ್ ಕೈಗೆ ಬಂದಾಗ ಎಷ್ಟೋ ಹೆಂಗಸರು ಕೇಳೋ ಪ್ರಶ್ನೆ ಇದು. ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ಮಕ್ಕಳಿಗೆ ಎದೆಹಾಲು ಕೊಟ್ಟಿದೀನಿ, ಕೆಟ್ಟ ಅಭ್ಯಾಸ ಒಂದೂ ಇಲ್ಲ, ನಾನೇನು ತಪ್ಪು ಮಾಡ್ದೆ ಅಂತ ನನಗೆ ಬಂತು? ಇದಕ್ಕೆ ವಿಜ್ಞಾನದ ಹತ್ರ ಉತ್ತರ ಇದೆ, ಆದ್ರೆ ಆ ಉತ್ತರ ಹೆಂಗಸರ ಕಿವಿ ತನಕ ಸರಿಯಾಗಿ ತಲುಪಿಲ್ಲ ಅನ್ನೋದೇ ನನ್ನ ಸಂಕಟ.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 2022ರಲ್ಲಿ ಜಗತ್ತಲ್ಲಿ ಸುಮಾರು 23 ಲಕ್ಷ ಹೆಂಗಸರಿಗೆ ಈ ಕಾಯಿಲೆ ಪತ್ತೆ ಆಯ್ತು, ಸುಮಾರು 6 ಲಕ್ಷ 70 ಸಾವಿರ ಜನ ತೀರ್ಕೊಂಡ್ರು. ಇವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ಹೆಣ್ಣಾಗಿರೋದು ಮತ್ತು ವಯಸ್ಸಾಗಿದ್ದು ಬಿಟ್ರೆ ಬೇರೆ ಯಾವ ವಿಶೇಷ ಅಪಾಯದ ಅಂಶವೂ ಇರ್ಲಿಲ್ಲ. ಈ ಸಾಲನ್ನ ಇನ್ನೊಂದ್ಸಲ ಓದಿ, ಯಾಕಂದ್ರೆ ‘ನಮ್ಮ ಮನೇಲಿ ಯಾರಿಗೂ ಇಲ್ಲ’ ಅನ್ನೋ ಧೈರ್ಯದ ಮೇಲೆ ಗಂಟನ್ನ ತಿಂಗಳುಗಟ್ಟಲೆ ಮುಚ್ಚಿಟ್ಕೊಂಡವರು ಬಹಳ ಜನ ಇದ್ದಾರೆ.

ಆಗೋದು ಹೀಗೆ. ಮೊಲೆಯೊಳಗೆ ಹಾಲು ತಯಾರಾಗೋ ಸಣ್ಣ ಸಣ್ಣ ಗ್ರಂಥಿಗಳಿವೆ, ಅಲ್ಲಿಂದ ತೊಟ್ಟಿನ ತನಕ ಹಾಲು ತರೋ ನಾಳಗಳಿವೆ. ಹೆಚ್ಚಿನ ಕ್ಯಾನ್ಸರ್ ಶುರುವಾಗೋದು ಈ ನಾಳಗಳ ಒಳಪದರದ ಜೀವಕೋಶಗಳಲ್ಲಿ. ಮುಟ್ಟು ಶುರುವಾದಾಗಿಂದ ನಿಲ್ಲೋ ತನಕ ಪ್ರತಿ ತಿಂಗಳೂ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಈ ಕೋಶಗಳಿಗೆ ‘ಬಸುರಿಗೆ ರೆಡಿ ಆಗಿ, ಬೆಳೀರಿ’ ಅಂತ ಹೇಳ್ತಾನೇ ಇರ್ತವೆ, ಕೋಶ ಎರಡಾಗುವಾಗೆಲ್ಲ ಅದರ ಡಿಎನ್‌ಎ ಪೂರ್ತಿ ನಕಲಾಗ್ಬೇಕು, ನಕಲಾಗುವಾಗ ತಪ್ಪು ಆಗುತ್ತೆ, ಹೆಚ್ಚಿನ ತಪ್ಪನ್ನ ಕೋಶವೇ ಸರಿ ಮಾಡ್ಕೊಳ್ಳುತ್ತೆ, ಒಂದೊಂದು ಉಳ್ಕೊಂಡ್ಬಿಡುತ್ತೆ. ವರ್ಷಗಳು ಕಳೆದ ಹಾಗೆ ಒಂದೇ ಕೋಶದಲ್ಲಿ ಇಂಥ ಕೆಲವು ತಪ್ಪುಗಳು ಒಟ್ಟಾದ್ರೆ ಅದು ನಿಲ್ಲಿಸು ಅಂದ್ರೂ ಕೇಳದೆ ಬೆಳೆಯೋಕೆ ಶುರು ಮಾಡುತ್ತೆ. ವಯಸ್ಸಾದಷ್ಟೂ ಅಪಾಯ ಜಾಸ್ತಿ ಅನ್ನೋದು ಇದಕ್ಕೇ. ಇದರಲ್ಲಿ ಯಾರ ತಪ್ಪೂ ಇಲ್ಲ.

ಇದು ಅರ್ಥ ಆದ್ರೆ ಉಳಿದ ಅಪಾಯದ ಅಂಶಗಳೂ ತಾವಾಗೇ ಅರ್ಥ ಆಗ್ತವೆ. ಬೇಗ ದೊಡ್ಡವಳಾಗೋದು, ತಡವಾಗಿ ಮುಟ್ಟು ನಿಲ್ಲೋದು, ಮಕ್ಕಳಾಗದಿರೋದು ಇಲ್ಲಾ ಮೊದಲ ಮಗು 30 ದಾಟಿದ ಮೇಲೆ ಆಗೋದು, ಇವೆಲ್ಲ ಹಾರ್ಮೋನಿನ ಲೆಕ್ಕಕ್ಕೆ ಸೇರಿದ್ದು. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜ್ಜಿನಿ 1713ರಲ್ಲೇ ಮಕ್ಕಳಿಲ್ಲದ ಕ್ರೈಸ್ತ ಸನ್ಯಾಸಿನಿಯರಲ್ಲಿ ಈ ಕಾಯಿಲೆ ಜಾಸ್ತಿ ಅಂತ ಗಮನಿಸಿ ಬರೆದಿದ್ದ, ಹಾರ್ಮೋನು ಅನ್ನೋ ಕಲ್ಪನೆ ಕೂಡ ಇಲ್ಲದ ಕಾಲ ಅದು! ಎದೆಹಾಲು ಕುಡಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇಕಡಾ 4ರಷ್ಟು ಕಡಿಮೆ ಆಗುತ್ತೆ ಅಂತ 2002ರಲ್ಲಿ 30 ದೇಶಗಳ ಮಾಹಿತಿ ಒಟ್ಟುಮಾಡಿ ನೋಡಿದಾಗ ಗೊತ್ತಾಯ್ತು. ಶೇಕಡಾ 4 ಅಷ್ಟೇ, ಹಾಲು ಕುಡಿಸಿದವರಿಗೆ ಬರೋದೇ ಇಲ್ಲ ಅಂತಲ್ಲ, ಕುಡಿಸೋಕೆ ಆಗದ ತಾಯಿ ಅದಕ್ಕೇ ಬಂತು ಅಂತ ಕೊರಗೋ ಕಾರಣವೂ ಇಲ್ಲ.

ನಮ್ಮ ಕೈಲಿರೋದು ಕೆಲವೇ. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾದ್ರೂ ಮೈಯ ಕೊಬ್ಬು ಈಸ್ಟ್ರೋಜನ್ ಮಾಡ್ತಾನೇ ಇರುತ್ತೆ, ಅದಕ್ಕೇ ಆ ವಯಸ್ಸಲ್ಲಿ ತೂಕ ಮುಖ್ಯ ಆಗುತ್ತೆ. ಮದ್ಯ ಸ್ವಲ್ಪ ಕುಡಿದ್ರೂ ಅಪಾಯ ಸ್ವಲ್ಪ ಏರುತ್ತೆ, ವ್ಯಾಯಾಮದಿಂದ ಇಳಿಯುತ್ತೆ. ಬ್ರಾ ಬಿಗಿಯಾಗಿತ್ತು, ಡಿಯೋಡರೆಂಟ್ ಹಾಕಿದ್ದೆ, ಎದೆಗೆ ಪೆಟ್ಟು ಬಿದ್ದಿತ್ತು ಅನ್ನೋದಕ್ಕೆಲ್ಲ ಆಧಾರ ಇಲ್ಲ.

ವಂಶದ ವಿಷಯಕ್ಕೆ ಬರೋಣ. ಅಮ್ಮನಿಂದಲೋ ಅಪ್ಪನಿಂದಲೋ ಬಂದ ಒಂದು ಕೆಟ್ಟ ಜೀನ್‌ನಿಂದ ಆಗೋ ಸ್ತನ ಕ್ಯಾನ್ಸರ್ ಒಟ್ಟಲ್ಲಿ ಶೇಕಡಾ 5ರಿಂದ 10 ಅಷ್ಟೇ. 1990ರಲ್ಲಿ ಮೇರಿ ಕ್ಲೇರ್ ಕಿಂಗ್ ಅನ್ನೋ ವಿಜ್ಞಾನಿ ಇಂಥ ಜೀನ್ 17ನೇ ಕ್ರೋಮೋಸೋಮ್ ಮೇಲಿದೆ ಅಂತ ತೋರಿಸಿದ್ರು, ಅದೇ ಬಿಆರ್‌ಸಿಎ1. ಇದು ಮತ್ತು ಬಿಆರ್‌ಸಿಎ2 ಸರಿಯಿದ್ದಾಗ ಮುರಿದ ಡಿಎನ್‌ಎಯನ್ನ ರಿಪೇರಿ ಮಾಡೋ ಕೆಲಸ ಮಾಡ್ತವೆ, ಕೆಟ್ಟಿದ್ರೆ 80 ವರ್ಷ ಆಗೋದ್ರೊಳಗೆ ಸ್ತನ ಕ್ಯಾನ್ಸರ್ ಬರೋ ಸಾಧ್ಯತೆ ಶೇಕಡಾ 70ರ ಹತ್ತಿರಕ್ಕೆ ಹೋಗುತ್ತೆ. ಜನ ಇಲ್ಲಿ ಮರೆಯೋದು ಅಪ್ಪನ ಕಡೇನ. ಅತ್ತೆ ಅಂದ್ರೆ ಅಪ್ಪನ ತಂಗಿಗೋ ಅಕ್ಕನಿಗೋ, ಅಪ್ಪನ ಅಮ್ಮನಿಗೋ ಚಿಕ್ಕ ವಯಸ್ಸಲ್ಲಿ ಸ್ತನ ಇಲ್ಲಾ ಅಂಡಾಶಯದ ಕ್ಯಾನ್ಸರ್ ಆಗಿದ್ರೆ ಅದೂ ಲೆಕ್ಕಕ್ಕೆ ಬರುತ್ತೆ, ಡಾಕ್ಟರ್ ಕೇಳದಿದ್ರೂ ನೀವೇ ಹೇಳಿ. ಗಂಡಸರಿಗೂ ಈ ಕ್ಯಾನ್ಸರ್ ಬರುತ್ತೆ, ಒಟ್ಟು ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದರ ಆಸುಪಾಸು ಅವರದ್ದು.

ಇನ್ನು ಗಂಟು. ಜನ ಮೋಸ ಹೋಗೋದೇ ಇಲ್ಲಿ, ನೋವಿಲ್ಲ ಅಂದ್ರೆ ಅಪಾಯ ಇಲ್ಲ ಅಂದ್ಕೊಂಡು. ಆರಂಭದಲ್ಲಿ ಈ ಗಂಟು ಸಾಮಾನ್ಯವಾಗಿ ನೋಯಲ್ಲ, ಬರೀ ನೋವು ಇದ್ದು ಗಂಟು ಇಲ್ಲ ಅಂದ್ರೆ ಅದು ಕ್ಯಾನ್ಸರ್ ಆಗಿರೋದು ಅಪರೂಪ. ಗಟ್ಟಿ ಗಂಟು, ಕಂಕುಳಲ್ಲಿ ಗಡ್ಡೆ, ತೊಟ್ಟು ಹೊಸದಾಗಿ ಒಳಕ್ಕೆ ಎಳ್ಕೊಂಡಿರೋದು, ತೊಟ್ಟಿಂದ ರಕ್ತ, ಚರ್ಮ ಗುಳಿ ಬಿದ್ದಿರೋದು ಅಥವಾ ಕಿತ್ತಳೆ ಸಿಪ್ಪೆ ತರ ಆಗಿರೋದು, ವಾಸಿಯಾಗದ ಕೆಂಪು, ಇದರಲ್ಲಿ ಒಂದು ಕಂಡ್ರೂ ತೋರಿಸ್ಲೇಬೇಕು. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ವೇ ಅಲ್ಲ, ಆದ್ರೆ ಅದನ್ನ ಹೇಳೋದು ಬೆರಳಲ್ಲ, ಬಯಾಪ್ಸಿ, ಅಂದ್ರೆ ಸೂಜಿಯಿಂದ ಗಂಟಿನ ಚೂರು ತೆಗೆದು ಮಾಡೋ ಪರೀಕ್ಷೆ. ಸೂಜಿ ಚುಚ್ಚಿದ್ರೆ ಹರಡುತ್ತೆ ಅನ್ನೋ ಭಯಕ್ಕೆ ದಯವಿಟ್ಟು ಬಲಿಯಾಗ್ಬೇಡಿ.

ಗಂಟು ಕೈಗೆ ಸಿಗೋದಕ್ಕೆ ಮುಂಚೆನೇ ಹಿಡಿಯೋದು ಮ್ಯಾಮೋಗ್ರಾಂ, ಅಂದ್ರೆ ಮೊಲೆಯ ಎಕ್ಸ್‌ರೇ. ಚಿಕ್ಕ ವಯಸ್ಸಲ್ಲಿ ಮೊಲೆಯ ಅಂಗಾಂಶ ದಟ್ಟ ಇರುತ್ತೆ, ಅದೂ ಎಕ್ಸ್‌ರೇಲಿ ಬೆಳ್ಳಗೆ ಕಾಣುತ್ತೆ ಗಂಟೂ ಬೆಳ್ಳಗೆ ಕಾಣುತ್ತೆ, ಹಾಗಾಗಿ ಅಂಥವರಿಗೆ ಅಲ್ಟ್ರಾಸೌಂಡ್ ಕೂಡ ಮಾಡ್ತಾರೆ.

ಮುಚ್ಚಿಡೋದಕ್ಕೆ ಇನ್ನೊಂದು ಕಾರಣ, ಬಹುಶಃ ದೊಡ್ಡ ಕಾರಣ, ಮೊಲೆ ತೆಗೆದುಬಿಡ್ತಾರೆ ಅನ್ನೋ ಹೆದರಿಕೆ. ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು. 19ನೇ ಶತಮಾನದ ಕೊನೇಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಮೊಲೆ, ಅದರಡಿಯ ಸ್ನಾಯು, ಕಂಕುಳ ಗ್ರಂಥಿ ಎಲ್ಲಾ ಸೇರಿಸಿ ತೆಗೆಯೋ ಆಪರೇಷನ್ ರೂಢಿಗೆ ತಂದ, ಹೆಚ್ಚು ತೆಗೆದಷ್ಟು ಹೆಚ್ಚು ಸೇಫ್ ಅಂತ ಹಲವು ದಶಕ ಅದೇ ನಡೀತು, ಎಷ್ಟು ಹೆಂಗಸರು ಜೀವನಪೂರ್ತಿ ಕೈ ಎತ್ತೋಕೂ ಕಷ್ಟಪಟ್ರೋ. ಬರ್ನಾರ್ಡ್ ಫಿಶರ್ ಅನ್ನೋ ಸರ್ಜನ್ ಇದನ್ನ ಪ್ರಶ್ನೆ ಮಾಡಿ ದೊಡ್ಡ ಅಧ್ಯಯನ ನಡೆಸಿದ್ರು, ಬೇಗ ಸಿಕ್ಕಿದ ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟವರೂ ಪೂರ್ತಿ ಮೊಲೆ ತೆಗೆಸಿಕೊಂಡವರಷ್ಟೇ ಕಾಲ ಬದುಕ್ತಾರೆ ಅಂತ 1985ರಲ್ಲಿ ಗೊತ್ತಾಯ್ತು, 20 ವರ್ಷದ ಲೆಕ್ಕ 2002ರಲ್ಲಿ ಬಂದಾಗಲೂ ಅದೇ ಉತ್ತರ. ಮೊಲೆ ಉಳಿಸ್ಕೊಳ್ಳೋ ದಾರಿ ಇರೋದು ಬೇಗ ಬಂದವರಿಗೆ, ಆದ್ರೆ ಅದೇ ಹೆದರಿಕೆಗೆ ತಡ ಮಾಡಿದವರಿಗೆ ಆ ದಾರಿ ಮುಚ್ಚಿಹೋಗಬಹುದು, ಇದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಇದು ಒಂದೇ ಕಾಯಿಲೆ ಅಲ್ಲ ಅನ್ನೋದೂ ಗೊತ್ತಿರ್ಬೇಕು. ಸುಮಾರು ಶೇಕಡಾ 70 ಗೆಡ್ಡೆಗಳು ಹಾರ್ಮೋನಿನ ಮೇಲೆ ಬೆಳೆಯೋವು, ಅದಕ್ಕೆ ಹಾರ್ಮೋನ್ ತಡೆಯೋ ಮಾತ್ರೆ. ಶೇಕಡಾ 15ರಿಂದ 20ರಲ್ಲಿ ಹರ್2 ಅನ್ನೋ ಪ್ರೋಟೀನ್ ಜಾಸ್ತಿ, ಅದಕ್ಕೆ 1998ರಲ್ಲಿ ಒಪ್ಪಿಗೆ ಸಿಕ್ಕ ಟ್ರಾಸ್ಟುಜುಮಾಬ್ ತರದ ಔಷಧಿ. ಈಸ್ಟ್ರೋಜನ್, ಪ್ರೊಜೆಸ್ಟರಾನ್, ಹರ್2 ಈ ಮೂರರ ಮೇಲೂ ಬೆಳೆಯದ್ದು ಟ್ರಿಪಲ್ ನೆಗೆಟಿವ್, ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು, ಕೀಮೋ ಮುಖ್ಯ. ಹಾಗಾಗಿ ಅವರಿಗೆ ಆ ಔಷಧಿ ಕೊಟ್ರು ನನಗ್ಯಾಕೆ ಇಲ್ಲ ಅಂತ ಹೋಲಿಸ್ಬೇಡಿ.

ಚಿಕಿತ್ಸೆ ಮುಗೀತು ಅಂದ್ರೆ ಎಲ್ಲಾ ಮುಗೀತು ಅಂತ ಮನೆಯವರು ಅಂದ್ಕೋತಾರೆ. ಕೂದಲು ಮತ್ತೆ ಬರುತ್ತೆ, ನಿಜ. ಆದ್ರೆ ಕಂಕುಳ ಗ್ರಂಥಿ ತೆಗೆದ ಕಡೆಯ ಕೈ ವರ್ಷಗಳಾದ ಮೇಲೂ ಊದ್ಕೋಬಹುದು, ಕೀಮೋದಿಂದ 35 ವಯಸ್ಸಿಗೇ ಮುಟ್ಟು ನಿಂತು ಮಕ್ಕಳಾಗೋ ಸಾಧ್ಯತೆ ಹೋಗಬಹುದು, ಅದಕ್ಕೇ ಮಗು ಬೇಕು ಅನ್ನೋರು ಅಂಡಾಣು ಫ್ರೀಜ್ ಮಾಡಿಸೋ ಮಾತನ್ನ ಕೀಮೋಗೆ ಮುಂಚೆನೇ ಎತ್ತಬೇಕು. ಸುಸ್ತು, ಮರೆವು, ಗಂಡನ ಎದುರು ಬಟ್ಟೆ ಬದಲಾಯಿಸೋಕೂ ಮುಜುಗರ, ಪ್ರತಿ ಚೆಕಪ್‌ಗೆ ಮುಂಚೆ ನಿದ್ದೆ ಬರದ ರಾತ್ರಿ, ಇದನ್ನೆಲ್ಲ ಯಾರೂ ಕೇಳಲ್ಲ, ಅವಳೂ ಹೇಳಲ್ಲ.

ಹಾರ್ಮೋನ್ ಮಾತ್ರೆಯಂತೂ 5 ವರ್ಷ, ಕೆಲವರಿಗೆ 10 ವರ್ಷ. ಮೈ ಬಿಸಿ, ಕೀಲುನೋವು, ಕಿರಿಕಿರಿ ತಡೀಲಾರದೆ ಎಷ್ಟೋ ಜನ ಯಾರಿಗೂ ಹೇಳದೆ ನಿಲ್ಲಿಸಿಬಿಡ್ತಾರೆ, ಈ ತರದ ಕ್ಯಾನ್ಸರ್ 10, 15 ವರ್ಷ ಆದ ಮೇಲೂ ತಿರುಗಿ ಬರಬಹುದು ಅನ್ನೋದು ಅವರಿಗೆ ಗೊತ್ತಿರಲ್ಲ. ನಿಲ್ಲಿಸೋ ಮುಂಚೆ ಡಾಕ್ಟರಿಗೆ ಹೇಳಿದ್ರೆ ಒಂದು ಮಾತ್ರೆ ಬದಲು ಇನ್ನೊಂದು ಕೊಡಬಹುದು, ತೊಂದರೆ ಕಡಿಮೆ ಮಾಡೋಕೂ ಔಷಧಿ ಇದೆ.